ಒಂಬತ್ತು ನಿಮಿಷದಲ್ಲಿ ಗುಣವಾದ ನನ್ನ ಮಗಳು

ನ್ಯೂನತಾ ಪ್ರಮಾಣಪತ್ರ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಈ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಮಗಳು ಸುಧಾಮಣಿ ಆಟಿಸಂ ಸಮೇತ ನಿಮ್ಮ ಕೊಠಡಿಯೊಳಗೆ ಬಂದಳು. ಹತ್ತು ನಲವತ್ತೊಂಬತ್ತಕ್ಕೆ ಅದಿಲ್ಲದೆ ಹೊರಗೆ ಬಂದಳು. ಮೂವತ್ತನಾಲ್ಕು ವರ್ಷ ಜೊತೆಗಿದ್ದದ್ದನ್ನು ಒಂಬತ್ತು ನಿಮಿಷದಲ್ಲಿ ಹೋಗಲಾಡಿಸುವುದು ಸಾಮಾನ್ಯ ಸಾಧನೆಯಲ್ಲ. ಇದು ಕಾಯಿಲೆಯೇ ಅಲ್ಲ, ಹುಟ್ಟಿನಿಂದ ಬಂದ ಮೆದುಳಿನ ರೀತಿ, ಇದಕ್ಕೆ ಮದ್ದು ಹುಡುಕಬೇಡಿ ಎಂದು ತಿಳಿದವರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಪಾಪ, ಅವರಿಗೆ ನಿಮ್ಮ ಕೊಠಡಿಯ ವಿಳಾಸ ಗೊತ್ತಿರಲಿಲ್ಲ. ನಾನಾದರೂ ನಿಮಗೆ ಕೃತಜ್ಞತೆ ಹೇಳಬೇಕಿತ್ತು. ಅದರ ಬದಲು ಎಲ್ಲರೂ ಓದುವ ಹಾಗೆ ಈ ದೂರು ಬರೆಯುತ್ತಿದ್ದೇನೆ, ಏಕೆಂದರೆ ನೀವು ಗುಣಪಡಿಸಿದ ಸಂಗತಿ ನನ್ನ ಮಗಳಿಗೆ ಇನ್ನೂ ತಿಳಿದ ಹಾಗಿಲ್ಲ.

ನೀವು ಕೊಟ್ಟ ಹಾಳೆ ನನ್ನ ಮುಂದಿದೆ. ಐದು ವರ್ಷದ ಹಿಂದೆ ಇದೇ ಮಂಡಳಿ ಇವಳ ಆಟಿಸಂ ಶೇಕಡಾ ಐವತ್ತೈದು ಎಂದು ಬರೆದು, ಪಕ್ಕದಲ್ಲಿ 'ತಾತ್ಕಾಲಿಕ' ಎಂದು ಮೊಹರು ಒತ್ತಿತ್ತು. ಆಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ನಮ್ಮ ಉತ್ತರಹಳ್ಳಿಯಲ್ಲಿ ರಸ್ತೆ ಅಗೆದು ನೆಟ್ಟ ತಾತ್ಕಾಲಿಕ ಬೋರ್ಡುಗಳು ಹತ್ತು ವರ್ಷದಿಂದ ಹಾಗೇ ಇರುವುದರಿಂದ ನಾನು ಆ ಪದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಈ ಸಲ ನಿಮ್ಮ ಹಾಳೆಯಲ್ಲಿ ಶೇಕಡಾ ಮೂವತ್ತಾರು ಎಂದಿದೆ. ಪ್ರಮಾಣಪತ್ರಕ್ಕೆ ಬೇಕಾದದ್ದು ನಲವತ್ತು. ಅಂದರೆ ನನ್ನ ಮಗಳು ನಾಲ್ಕು ಅಂಕದಲ್ಲಿ ಫೇಲಾಗಿದ್ದಾಳೆ. ಜಯನಗರ ನಾಲ್ಕನೇ ಬ್ಲಾಕಿನಿಂದ ಜೆ.ಪಿ. ನಗರದ ತನಕ ರಸ್ತೆಯ ಎರಡೂ ಬದಿಗೆ ಕೋಚಿಂಗ್ ಬೋರ್ಡುಗಳಿವೆಯಲ್ಲ, ಸಿಟ್ಟು ತಡೆಯಲಾರದೆ ಒಂದರೊಳಗೆ ಹೋಗಿ ಕೇಳಿಯೇಬಿಟ್ಟೆ. ನಾಲ್ಕು ಅಂಕ ಕಡಿಮೆ ಬಿದ್ದಿದೆ, ಈ ತಿಂಗಳೊಳಗೆ ತುಂಬಿಸಬೇಕು ಎಂದೆ. ಕೌಂಟರಿನಲ್ಲಿದ್ದ ಹುಡುಗಿ ತಲೆಯೆತ್ತದೆ, "ಯಾವ ಎಂಟ್ರೆನ್ಸ್ ಆಂಟಿ? ಸ್ಟೇಟಾ, ಸೆಂಟ್ರಲ್ಲಾ?" ಎಂದಳು. ಆಟಿಸಂ ಎಂದೆ. "ಅದು ಹೊಸದಾಗಿ ಬಂದಿದ್ಯೇನೋ. ಹತ್ತು ಜನ ಸೇರಿಸ್ಕೊಂಡು ಬನ್ನಿ, ನಮ್ ಸರ್ ಕ್ರ್ಯಾಶ್ ಕೋರ್ಸ್ ಮಾಡ್ಕೊಡ್ತಾರೆ" ಎಂದು ನನ್ನ ನಂಬರು ಬರೆದುಕೊಂಡಳು. ಅಂದಿನಿಂದ ದಿನಕ್ಕೆ ಎರಡು ಸಲ ಅವರ ಕಡೆಯಿಂದ ಫೋನ್ ಬರುತ್ತಿದೆ. ನಿಮ್ಮ ಕಚೇರಿಯಿಂದ ಒಂದೂ ಬಂದಿಲ್ಲ.

ಆ ನಾಲ್ಕು ಅಂಕ ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ನೀವು ಕೇಳಬಹುದು. ಹೋಗುವುದು ಒಂದು ಜೊತೆ ಕಿವಿ ಮುಚ್ಚಳ. ಸುಧಾಮಣಿ ಜೆ.ಪಿ. ನಗರದ ಒಂದು ಆಸ್ಪತ್ರೆಯ ಲಾಂಡ್ರಿ ವಿಭಾಗದಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದಾಳೆ. ಒಗೆದು ಒಣಗಿದ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಅಂಗಿ ಮಡಿಸಿ ಬೀರುವಿಗೆ ಸೇರಿಸುತ್ತಾಳೆ. ಆ ಕೆಲಸ ಅವಳಿಗೆ ಬಹಳ ಇಷ್ಟ. ಆದರೆ ಬಟ್ಟೆ ಹಿಂಡುವ ಯಂತ್ರ ಜೋರಾಗಿ ತಿರುಗುವಾಗ ಬರುವ ಸದ್ದು ನಮಗೆ ಕೇಳುವ ಹಾಗೆ ಅವಳಿಗೆ ಕೇಳುವುದಿಲ್ಲ. ಅದು ನನ್ನ ತಲೆಯೊಳಗೇ ತಿರುಗುತ್ತದೆ ಅನ್ನುತ್ತಾಳೆ. ಅದಕ್ಕೇ ಈ ನೀಲಿ ಬಣ್ಣದ ದಪ್ಪ ಮುಚ್ಚಳ. ನನ್ನ ಯಜಮಾನರು ಸಂಜೀವಯ್ಯನವರು ಬೊಮ್ಮನಹಳ್ಳಿಯ ಕಾರ್ಖಾನೆಯ ಕಂಪ್ರೆಸರ್ ರೂಮಿನಲ್ಲಿ ಹಾಕಿಕೊಳ್ಳುತ್ತಿದ್ದದ್ದು. ನಿವೃತ್ತಿಯ ದಿನ ಉಳಿದವರೆಲ್ಲ ಗೋಡೆ ಗಡಿಯಾರ ಹಿಡಿದು ಮನೆಗೆ ಹೋದರೆ ಇವರು ಗಡಿಯಾರ ಬೇಡವೆಂದು ಇದನ್ನು ಕೇಳಿ ತಂದರು.

ಆಸ್ಪತ್ರೆಯ ಸಮವಸ್ತ್ರದ ನಿಯಮದಲ್ಲಿ ಕಿವಿ ಮುಚ್ಚಳ ಇಲ್ಲ. ಪ್ರಮಾಣಪತ್ರ ಇದ್ದವರಿಗೆ ಮಾತ್ರ ವಿನಾಯಿತಿ. ಹಳೆಯದರ ಅವಧಿ ಮುಗಿದ ವಾರವೇ ತಪಾಸಣೆಯವರು ಬಂದರು. ಸಿಬ್ಬಂದಿ ವಿಭಾಗದ ಶ್ರೀದೇವಿ ಎಂಬ ಹೆಣ್ಣುಮಗಳು ಮುಚ್ಚಳವನ್ನು ತೆಗೆದು ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಳು. ಎರಡನೇ ದಿನ ಮಧ್ಯಾಹ್ನ ಸುಧಾಮಣಿ ಎಲ್ಲೂ ಕಾಣಲಿಲ್ಲ. ಹುಡುಕಿದರೆ ಬಟ್ಟೆ ಬೀರುವಿನ ಕೆಳಗಿನ ಅರೆಯಲ್ಲಿ, ತಾನೇ ಮಡಿಸಿಟ್ಟ ಹಾಸಿಗೆ ಬಟ್ಟೆಗಳ ಹಿಂದೆ, ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದಳು. ಶ್ರೀದೇವಿ ಕೆಟ್ಟವಳಲ್ಲ. ಮುಚ್ಚಳ ವಾಪಸು ಕೊಟ್ಟು ನನಗೆ ಫೋನ್ ಮಾಡಿದಳು. "ಆಂಟಿ, ನನ್ಗೇನೂ ಪ್ರಾಬ್ಲಂ ಇಲ್ಲ, ನೋಡ್ದೇ ಇರೋ ಥರ ಇದ್ಬಿಡ್ತೀನಿ. ಆದ್ರೆ ಮುಂದಿನ ತಿಂಗಳು ಮತ್ತೆ ಬರ್ತಾರೆ ಅವ್ರು. ಮೂವತ್ತನೇ ತಾರೀಖಿನೊಳಗೆ ಒಂದು ಪೇಪರ್ ತಂದ್ಕೊಟ್ಬಿಡಿ. ಇಲ್ಲ ಅಂದ್ರೆ ಮುಚ್ಚಳ ಇಲ್ದೆ ಕೆಲ್ಸ ಮಾಡ್ಬೇಕಾಗುತ್ತೆ, ಅದು ಅವ್ರ ಕೈಲಿ ಆಗಲ್ಲ ಅಂತ ನನ್ಗೂ ಗೊತ್ತು" ಎಂದಳು. ಮಾನ್ಯರೇ, ನನ್ನ ಮಗಳ ಕೆಲಸ, ಅವಳ ಬಸ್ಸು, ಅವಳ ಬೆಳಗು ಎಲ್ಲ ಈಗ ನಿಮ್ಮ ಆ ಒಂದು ಹಾಳೆಗೆ ನೇತುಬಿದ್ದಿದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಒಂದು ಸರ್ಕಾರಿ ಇಲಾಖೆಯಲ್ಲಿ ಕನ್ನಡ ಬೆರಳಚ್ಚುಗಾರ್ತಿಯಾಗಿದ್ದೆ. ನೀವು ಪ್ರೀತಿಯಿಂದ ಬಳಸುವ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಸಾಲನ್ನು ನಾನು ನಿದ್ದೆಯಲ್ಲೂ ಟೈಪ್ ಮಾಡಬಲ್ಲೆ. ನನ್ನ ಮಗಳಂಥವರನ್ನು ಏನೆಂದು ಕರೆಯಬೇಕು ಎಂಬ ಸುತ್ತೋಲೆಗಳು ನನ್ನ ಕೈಯಿಂದಲೇ ಹಾದುಹೋಗಿವೆ. ಒಂದು ಪದ ಬಂತು, ಹೋಯಿತು. ಇನ್ನೊಂದು ಬಂತು. ಇನ್ನು ಮುಂದೆ ಹಳೆಯದನ್ನು ಎಲ್ಲಿಯೂ ಬಳಸತಕ್ಕದ್ದಲ್ಲ ಎಂದು ಮೇಲಿನವರು ಹೇಳಿದಾಗಲೆಲ್ಲ ನಾನು ಫಾರಂಗಳ ರಾಶಿ ಇಟ್ಟುಕೊಂಡು ಹಳೆಯ ಪದದ ಮೇಲೆ ಬಿಳಿ ಬಣ್ಣ ಬಳಿದು, ಒಣಗುವ ತನಕ ಊದಿ, ಮೇಲೆ ಹೊಸ ಪದ ಒತ್ತುತ್ತಿದ್ದೆ. ಕೆಲವು ಫಾರಂಗಳ ಮೇಲೆ ಮೂರು ಪದರ ಬಣ್ಣ ಕೂತು ಆ ಜಾಗ ಉಬ್ಬಿಕೊಂಡಿತ್ತು. ಪದ ಬದಲಾಗಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಹಳೆಯ ಪದಗಳನ್ನು ನನ್ನ ಮಗಳ ಮುಖಕ್ಕೇ ಅಂದವರಿದ್ದಾರೆ, ಅದರ ಉರಿ ನನಗೆ ಗೊತ್ತು. ಆದರೆ ನಿಮ್ಮ ಕೊಠಡಿಯ ಹೊರಗಿನ ಬೆಂಚು ಮಾತ್ರ ಮೊದಲ ಪದದ ಕಾಲದ್ದೇ. ಅದರ ಎಡಗಾಲು ಆಗಲೂ ಅಲ್ಲಾಡುತ್ತಿತ್ತು.

ಈ ಆಟಿಸಂ ಎಂಬುದು ನಮ್ಮ ಮನೆಗೆ ಒಂದೇ ಸಲ ಆ ಹೆಸರಿನಲ್ಲಿ ಬರಲಿಲ್ಲ, ವೇಷ ಬದಲಿಸಿಕೊಂಡು ಬಂತು. ಸುಧಾಮಣಿಗೆ ಮೂರು ವರ್ಷ ಇದ್ದಾಗ ಹೆಸರು ಕರೆದರೆ ತಿರುಗುವುದಿಲ್ಲವೆಂದು ಒಬ್ಬ ಡಾಕ್ಟರು ಇವಳಿಗೆ ಕಿವಿ ಕೇಳುವುದಿಲ್ಲ ಎಂದರು. ಪಕ್ಕದ ಮನೆಯ ಮಿಕ್ಸಿ ಶುರುವಾದರೆ ಬೀದಿಯ ಕೊನೆಗೆ ಓಡಿಹೋಗುವ ಮಗುವಿಗೆ ಕಿವಿ ಕೇಳುವುದಿಲ್ಲ. ಆಮೇಲೆ ಇನ್ನೊಬ್ಬರು ಬುದ್ಧಿಮಾಂದ್ಯ ಎಂದು ಚೀಟಿ ಬರೆದು ಕೈ ತೊಳೆದುಕೊಂಡರು. ಮೂರನೆಯವರು ಚೀಟಿ ಬರೆಯಲಿಲ್ಲ, ನನ್ನನ್ನೇ ಮೇಲಿನಿಂದ ಕೆಳಗೆ ನೋಡಿ, "ಅಮ್ಮ ದಿನವೆಲ್ಲಾ ಟೈಪ್‌ರೈಟರ್ ಮುಂದೆ ಕೂತ್ರೆ ಮಗು ಹೀಗೇ ಆಗೋದು. ಪ್ರೀತಿ ಸಾಲ್ತಾ ಇಲ್ಲ ಇದಕ್ಕೆ" ಎಂದರು. ನಾನು ನಂಬಿದೆ, ಸ್ವಾಮಿ. ಅವತ್ತು ಬಸ್ಸಿನಲ್ಲಿ ಅಳುತ್ತಾ ಬಂದೆ. ಮರುದಿನ ಕಚೇರಿಯಲ್ಲಿ 'ಮಗಳಿಗೆ ಪ್ರೀತಿಯ ಕೊರತೆ ಉಂಟಾಗಿರುವುದರಿಂದ ಮೂರು ತಿಂಗಳ ರಜೆ ಮಂಜೂರು ಮಾಡಬೇಕಾಗಿ ವಿನಂತಿ' ಎಂದು ಅರ್ಜಿ ಟೈಪ್ ಮಾಡಿ ಕೊಟ್ಟೆ. ಸದರಿ ಕಾರಣಕ್ಕೆ ರಜೆ ನೀಡಲು ನಿಯಮಾವಳಿಯಲ್ಲಿ ಅವಕಾಶವಿಲ್ಲ ಎಂದು ಅರ್ಜಿ ವಾಪಸು ಬಂತು. ಕೊನೆಗೆ ಬೆನ್ನುನೋವು ಎಂದು ಬರೆದು ರಜೆ ಹಾಕಿ ಮನೆಯಲ್ಲಿ ಕೂತು ಪ್ರೀತಿ ಮಾಡಿದೆ. ಮಗು ಫ್ಯಾನ್ ನೋಡುತ್ತಾ ಇತ್ತು.

ನಾಲ್ಕನೆಯವರು ಒಂದು ಹೊಸ ಪದ ಹೇಳಿ, ಹೇಳಿದ ಕೂಡಲೇ ವಾಪಸು ತೆಗೆದುಕೊಂಡರು. ಆಟಿಸಂ ಅಂತ ಒಂದಿದೆ, ಆದರೆ ಅದು ಗಂಡುಮಕ್ಕಳಿಗೆ ಬರುವುದು, ನಿಮ್ಮದು ಹೆಣ್ಣಲ್ಲವೇ, ಇವಳಿಗೆ ಬರೀ ನಾಚಿಕೆ ಎಂದರು. ಈ ನಾಚಿಕೆಯ ಮಾತು ನಮ್ಮ ನೆಂಟರಿಗೆ ಬಹಳ ಹಿಡಿಸಿತು. ಹುಡುಗಿ ಯಾರನ್ನೂ ಕಣ್ಣೆತ್ತಿ ನೋಡುವುದಿಲ್ಲ, ಎಷ್ಟು ಸಂಸ್ಕಾರವಂತೆ ಎಂದು ಮದುವೆ ಮನೆಗಳಲ್ಲಿ ಇವಳನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಬುದ್ಧ ಪೂರ್ಣಿಮೆಯ ದಿನ ವಿಹಾರದಲ್ಲಿ ಎರಡು ತಾಸು ಅಲ್ಲಾಡದೆ ಕೂತದ್ದನ್ನು ಕಂಡು ಹಿರಿಯರೊಬ್ಬರು ಇಷ್ಟು ಸಣ್ಣ ವಯಸ್ಸಿಗೆ ಇಂಥ ಧ್ಯಾನ ಎಂದು ಕೈ ಮುಗಿದರು. ಅಲ್ಲೂ ಒಂದು ಫ್ಯಾನ್ ಇತ್ತು. ಆದರೆ ಅದೇ ತಗ್ಗಿದ ಕಣ್ಣು ಶಾಲೆಯಲ್ಲಿ ದುರಹಂಕಾರವಾಯಿತು. "ಮೇಡಂ ಮಾತಾಡಿಸ್ತಿದ್ರೆ ಮುಖ ನೋಡಲ್ಲ, ಏನ್ ಕೊಬ್ಬು ನೋಡಿ ನಿಮ್ ಮಗಳಿಗೆ" ಎಂದು ಟೀಚರು ನನ್ನನ್ನು ಕರೆಸಿ ಹೇಳಿದರು. ಇವಳಿಗೆ ಹನ್ನೆರಡು ತುಂಬಿದ ಮೇಲೆ ಲತಾಮಣಿ ಎಂಬ ಎಳೆ ವಯಸ್ಸಿನ ಡಾಕ್ಟರಮ್ಮ ನೆಲದ ಮೇಲೆ ಇವಳ ಪಕ್ಕ ಒಂದೂವರೆ ಗಂಟೆ ಕೂತರು. ಎದ್ದು ಬಂದು, ಇದು ಆಟಿಸಂ, ಹೆಣ್ಣುಮಕ್ಕಳಲ್ಲೂ ಇರುತ್ತದೆ, ನಮಗೇ ಗುರುತಿಸಲು ಬರುವುದಿಲ್ಲ, ನಿಮ್ಮ ತಪ್ಪು ಏನೂ ಇಲ್ಲ ಎಂದರು. ಆ ಕೊನೆಯ ಮಾತಿಗೆ ನಾನು ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಒಂದು ಪದ ಎಷ್ಟು ಭಾರ ಇಳಿಸಬಲ್ಲದು ಎಂದು ಅಷ್ಟು ವರ್ಷ ಪದ ಒತ್ತಿದ ನನಗೆ ಅಂದೇ ತಿಳಿದದ್ದು.

ಈಗಂತೂ ಕಾಲ ಪೂರ್ತಿ ಬದಲಾಗಿದೆ. ಆಟಿಸಂ ಎಂದರೆ ಯಾರೂ ಮೂಗು ಮುರಿಯುವುದಿಲ್ಲ, ಕಣ್ಣರಳಿಸುತ್ತಾರೆ. "ಓ, ಹಾಗಾದ್ರೆ ಸ್ಪೆಷಲ್ ಟ್ಯಾಲೆಂಟ್ ಏನಿದೆ? ಯಾವ್ದೇ ಡೇಟ್ ಹೇಳಿದ್ರೆ ವಾರ ಹೇಳ್ತಾರಾ?" ನಮ್ಮ ಬೀದಿಯ ಭಾಗ್ಯಜ್ಯೋತಿ ಎಂಬಾಕೆ ಒಂದು ದಿನ ಸುಧಾಮಣಿಯ ಮುಂದೆ ಕೀಬೋರ್ಡ್ ತಂದಿಟ್ಟು, ಯಾರೂ ಕಲಿಸದೆ ನುಡಿಸುತ್ತಾಳೆಂದು ಅರ್ಧ ಗಂಟೆ ಕಾದಳು. ಸುಧಾಮಣಿ ಅದರ ಧೂಳು ಒರೆಸಿ ವಾಪಸು ಕೊಟ್ಟಳು. ನನ್ನ ಮಗಳಿಗೆ ಯಾವ ವಿಶೇಷ ಪ್ರತಿಭೆಯೂ ಇಲ್ಲ ಎಂದು ಈ ಪತ್ರದ ಮೂಲಕ ಸಮಸ್ತರಿಗೂ ತಿಳಿಸುತ್ತಿದ್ದೇನೆ. ಅವಳು ಹಾಸಿಗೆ ಬಟ್ಟೆ ಮಡಿಸುತ್ತಾಳೆ. ಪಕ್ಕದ ಟೇಬಲ್ಲಿನ ಯಲ್ಲಯ್ಯ ಎಷ್ಟು ಚೆನ್ನಾಗಿ ಮಡಿಸುತ್ತಾನೋ ಅಷ್ಟೇ ಚೆನ್ನಾಗಿ ಮಡಿಸುತ್ತಾಳೆ.

ಇನ್ನು ನಿಮ್ಮ ನಿಯಮಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಎರಡು ಸಾಲುಗಳಿವೆ. ನ್ಯೂನತೆಯು ಸ್ಪಷ್ಟವಾಗಿ ಕಾಣುವಂತೆ ತೆಗೆದ ಭಾವಚಿತ್ರ ಲಗತ್ತಿಸತಕ್ಕದ್ದು ಎಂಬುದು ಮೊದಲನೆಯದು. ಭಾವಚಿತ್ರದಲ್ಲಿ ಎರಡೂ ಕಿವಿಗಳು ಕಾಣತಕ್ಕದ್ದು ಎಂಬುದು ಎರಡನೆಯದು. ಇದನ್ನು ಬರೆದುಕೊಂಡು ಬನಶಂಕರಿಯಲ್ಲಿ ಬೈರಣ್ಣನ ಸ್ಟುಡಿಯೋಗೆ ಹೋದೆವು. ಬೈರಣ್ಣ ನಮ್ಮ ಮದುವೆಯ ಫೋಟೋ ತೆಗೆದ ಮನುಷ್ಯ, ಕೆಲಸದಲ್ಲಿ ಶ್ರದ್ಧೆ ಜಾಸ್ತಿ. "ಕೈಯಾ ಅಕ್ಕ, ಕಾಲಾ?" ಎಂದು ಕೇಳಿದ. ಆಟಿಸಂ ಎಂದೆ. "ಅದು ಎಲ್ಲಿರುತ್ತೆ?" ಎಂದ. ಎಲ್ಲ ಕಡೆ ಇರುತ್ತೆ ಎಂದೆ. ಅವನು ಸ್ವಲ್ಪ ಯೋಚನೆ ಮಾಡಿ ಫುಲ್ ಸೈಜ್ ಫೋಟೋಗೆ ಕ್ಯಾಮೆರಾ ಹಿಂದಕ್ಕೆ ಎಳೆದ.

ಅದರಲ್ಲೂ ಏನೂ ಕಾಣಲಿಲ್ಲ. ಸ್ಟೂಲಿನ ಮೇಲೆ ಹಸಿರು ಚೂಡಿದಾರದ ಒಬ್ಬ ಹೆಂಗಸು ಕೂತಿದ್ದಳು, ಅಷ್ಟೇ. "ಒಂಚೂರು ಬೇಜಾರಾಗಿರೋ ಥರ ನೋಡಮ್ಮ" ಎಂದು ಬೈರಣ್ಣ ಸುಧಾಮಣಿಗೆ ಹೇಳಿದ. "ಬೇಜಾರಿಲ್ಲ" ಎಂದಳು. "ಇಲ್ಲ ಅಂದ್ರೂ ಇದೆ ಅಂದ್ಕೋ." "ಇಲ್ದೇ ಇರೋದನ್ನ ಹೇಗೆ ಅಂದ್ಕೊಳ್ಳೋದು ಅಂಕಲ್?" ಬೈರಣ್ಣನಿಗೆ ಬೇಜಾರಾಯಿತು. ಅವನ ಮುಖದಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಕೊನೆಗೆ ನನಗೆ ಹೊಳೆದು ಚೀಲದಿಂದ ನೀಲಿ ಮುಚ್ಚಳ ತೆಗೆದು ಅವಳ ತಲೆಗೆ ಹಾಕಿದೆ. ಬೈರಣ್ಣ ಖುಷಿಯಾಗಿ, "ಈಗ ನೋಡಿ, ಸಖತ್ತಾಗಿ ಗೊತ್ತಾಗುತ್ತೆ" ಎಂದು ಲೈಟು ಹಾಕಿದ. ಆಗ ನಾನೇ ಎರಡನೇ ಸಾಲನ್ನು ಓದಿ ಹೇಳಿದೆ. ಮುಚ್ಚಳ ಹಾಕಿದರೆ ಕಿವಿ ಕಾಣುವುದಿಲ್ಲ, ತೆಗೆದರೆ ನ್ಯೂನತೆ ಕಾಣುವುದಿಲ್ಲ. ಬೈರಣ್ಣ ಎದ್ದು ನೀರು ಕುಡಿದು ಬಂದ. ಅಷ್ಟರಲ್ಲಿ ಸುಧಾಮಣಿ ಮುಚ್ಚಳ ತೆಗೆದು ಮಡಿಲಲ್ಲಿಟ್ಟುಕೊಂಡು, ಗೋಡೆಯ ಫ್ಯಾನಿನ ಕಡೆ ತಿರುಗಿ ಅದರ ಜೊತೆಗೇ ನಗುತ್ತಿದ್ದಳು. ಬೈರಣ್ಣ ಸುಮ್ಮನೆ ಒಂದು ಫೋಟೋ ತೆಗೆದ. ಇದೊಂದೇ ಅಕ್ಕ ಇವತ್ತಿನದರಲ್ಲಿ ಚೆನ್ನಾಗಿ ಬಂದಿರೋದು ಎಂದು ಅದನ್ನು ಬೇರೆ ಲಕೋಟೆಯಲ್ಲಿ ಹಾಕಿಕೊಟ್ಟ. ನಿಮ್ಮ ಅರ್ಜಿಗೆ ಸ್ಟೂಲಿನ ಫೋಟೋ ಅಂಟಿಸಿದೆವು. ನಿಮ್ಮ ಗುಮಾಸ್ತರು ಅದರ ಮೇಲೆ 'ನ್ಯೂನತೆ ಕಂಡುಬರುತ್ತಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದರು.

ಹಾಗೆ ಆ ಮಂಗಳವಾರ ಬಂತು. ನೀವು ಮೇಜಿನ ಆಚೆ, ನಾವು ಈಚೆ. ಊಟ ಆಯ್ತೇನಮ್ಮ ಎಂದು ನೀವು ಸೌಜನ್ಯಕ್ಕೆ ಕೇಳಿದಿರಿ. "ಇಲ್ಲ. ಈಗ ಹತ್ತು ನಲವತ್ತೆರಡು. ಊಟ ಒಂದೂವರೆಗೆ" ಎಂದಳು. ನೀವು ನಕ್ಕಿರಿ, ಪಕ್ಕದ ಸದಸ್ಯರೂ ನಕ್ಕರು. "ಪರವಾಗಿಲ್ಲ, ಜೋಕ್ ಎಲ್ಲಾ ಮಾಡ್ತಾರಲ್ರೀ" ಎಂದು ಏನೋ ಬರೆದುಕೊಂಡಿರಿ. ಬಸ್ಸಿನಲ್ಲಿ ಒಬ್ಬಳೇ ಓಡಾಡುತ್ತಾಳೆ ಎಂದಾಗ ಮತ್ತೆ ಬರೆದುಕೊಂಡಿರಿ. ಆ ಬಸ್ಸು ಒಂದು ದಿನ ಬೇರೆ ರಸ್ತೆಯಲ್ಲಿ ಹೋದದ್ದಕ್ಕೆ ಮೂರು ದಿನ ಅನ್ನ ಬಿಟ್ಟಿದ್ದಳು ಎಂದು ನಾನು ಹೇಳಹೊರಟಾಗ, ಅಮ್ಮ, ಅವರನ್ನೇ ಮಾತಾಡಲು ಬಿಡಿ ಎಂದಿರಿ. ಸರಿಯಾದ ಮಾತು. ಆದರೆ ಮುಂದೆ ನೀವೂ ಅವಳನ್ನು ಏನೂ ಕೇಳಲಿಲ್ಲ. ಅಷ್ಟರಲ್ಲಿ ಕಿಟಕಿಯ ಕೆಳಗೆ ಆಂಬುಲೆನ್ಸ್ ಕೂಗಿಕೊಂಡಿತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಕೊನೆಗೆ ನೀವು, "ಎಲ್ಲಿ, ನನ್ನ ಕಣ್ಣು ನೋಡಿ ಹೆಸರು ಹೇಳಿ" ಎಂದಿರಿ. ಅವಳು ನೋಡಿದಳು, ಹೇಳಿದಳು. "ವೆರಿ ಗುಡ್. ಐ ಕಾಂಟ್ಯಾಕ್ಟ್ ಪರ್ಫೆಕ್ಟಾಗಿದೆ. ಏನೂ ಇಲ್ಲಮ್ಮ ನಿಮ್ಮ ಮಗಳಿಗೆ, ಖುಷಿಯಾಗಿ ಮನೆಗೆ ಹೋಗಿ" ಎಂದು ನನಗೆ ಹಾಳೆ ಕೊಟ್ಟಿರಿ. ನಾನು ಖುಷಿಯಾಗದೆ ಇದ್ದದ್ದು ನಿಮಗೆ ವಿಚಿತ್ರವಾಗಿ ಕಂಡಿತು.

ನೀವು ಮೆಚ್ಚಿದ ಆ ನೋಟ ಯಾರ ಕೆಲಸ ಗೊತ್ತೇ? ನನ್ನದು. ಶಾಲೆಯ ಟೀಚರು ಕೊಬ್ಬು ಎಂದ ದಿನ ಸಂಜೆ ಶುರುಮಾಡಿದೆ. ಕಚೇರಿಯಿಂದ ಬಂದು, ಸೀರೆ ಕೂಡ ಬದಲಿಸದೆ, ಏಳು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು, "ನನ್ನ ಕಣ್ಣು ನೋಡು. ಒಂದು, ಎರಡು, ಮೂರು. ಈಗ ಬಿಡು" ಎನ್ನುತ್ತಿದ್ದೆ. ಹತ್ತು ಸಲ ನೋಡಿದರೆ ಫ್ಯಾನಿನ ರೆಗ್ಯುಲೇಟರನ್ನು ಒಂದು ಸಲ ತಿರುಗಿಸಲು ಬಿಡುತ್ತಿದ್ದೆ. ಅಳುತ್ತಿದ್ದಳು, ಅಳುತ್ತಲೇ ನೋಡುತ್ತಿದ್ದಳು. ಜನರ ಮುಂದೆ ಕಿವಿಗೆ ಕೈ ಹೋಗಬಾರದೆಂದು, ಸದ್ದಾದರೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು ಒತ್ತಿಕೊಳ್ಳಲು ಕಲಿಸಿದೆ. ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು: ತರಬೇತಿ ಕೊಡಿ, ಎಲ್ಲರ ಹಾಗೆ ಕಾಣುವಂತೆ ಮಾಡಿ. ನಾನು ಬಹಳ ಒಳ್ಳೆಯ ಕೆಲಸಗಾರ್ತಿ, ಸ್ವಾಮಿ, ಒಂದು ಕಾಗದದಲ್ಲೂ ಒಂದು ತಪ್ಪೂ ಬಿಡುತ್ತಿರಲಿಲ್ಲ. ಮಗಳ ಮೇಲೂ ಹಾಗೇ ಪದರದ ಮೇಲೆ ಪದರ ಬಿಳಿ ಬಣ್ಣ ಬಳಿದೆ. ಅದು ಎಷ್ಟು ನಯವಾಗಿ ಒಣಗಿತೆಂದರೆ ನಿಮ್ಮಂಥ ತಜ್ಞರಿಗೂ ಕೆಳಗೇನಿದೆ ಎಂದು ಕಾಣಲಿಲ್ಲ.

ಅಂದು ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಎಡಗೈ ಮುಷ್ಟಿ ಬಿಚ್ಚಿರಲಿಲ್ಲ. ನಾನೇ ಒಂದೊಂದೇ ಬೆರಳು ಬಿಡಿಸಿದೆ. ಹೆಬ್ಬೆರಳಿನ ಮೇಲೆ ಉಗುರು ಇಳಿದು ರಕ್ತ ಕಪ್ಪಾಗಿತ್ತು. ಅದು ನಿಮ್ಮ ಮೇಜಿನ ಕೆಳಗೆ ಆದದ್ದು. ಮೇಜಿನ ಮೇಲೆ ಶೇಕಡಾ ಮೂವತ್ತಾರು ಕಂಡಿತಲ್ಲ, ಉಳಿದದ್ದು ಎಲ್ಲಿತ್ತು ಎಂದು ನೀವು ಕೇಳಿದರೆ ಅಲ್ಲಿತ್ತು. ನೀವು ಬಗ್ಗಿ ನೋಡಲಿಲ್ಲ. ಇಪ್ಪತ್ತೇಳು ವರ್ಷ ನಾನೂ ನೋಡಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಅದೇ ವಾರದ ಭಾನುವಾರ ಸಂಜೀವಯ್ಯನವರು ಪೇಪರ್ ಓದುತ್ತಾ ಕೂತಿದ್ದರು. ನಾನು ಸುಧಾಮಣಿಯನ್ನು ಕರೆದು, ಇನ್ನು ಮೇಲೆ ಯಾರ ಕಣ್ಣನ್ನೂ ನೋಡಬೇಕಾಗಿಲ್ಲ, ಸದ್ದಾದರೆ ಕಿವಿ ಮುಚ್ಚಿಕೋ ಎಂದೆ. ಅವಳು ಹೊಸ ಸುತ್ತೋಲೆ ಬಂದವರ ಹಾಗೆ ವಿವರ ಕೇಳಿದಳು.

"ಬಸ್ ಕಂಡಕ್ಟರನ್ನ?"

"ಬೇಡ."

"ಶ್ರೀದೇವಿ ಮೇಡಂನ?"

"ಬೇಡ."

"ನಿನ್ನ?"

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಅವಳು ನನ್ನ ಮುಖ ನೋಡಿ ಹೋಗಿಬರ್ತೀನಿ ಅನ್ನುತ್ತಾಳೆ. ಉಳಿದವರನ್ನು ನೋಡುವುದು ಕಲಿಸಿದ ಅಭ್ಯಾಸ ಇರಬಹುದು, ನನ್ನನ್ನು ನೋಡುವುದು ಮಾತ್ರ ಅವಳದೇ, ತಾನಾಗಿ ಬಂದದ್ದು ಎಂದುಕೊಂಡಿದ್ದೆ. "ನನ್ನ ನೋಡೋವಾಗ್ಲೂ ಎಣಿಸ್ತೀಯಾ?" ಎಂದು ಕೇಳಿದೆ.

"ಹೂಂ. ಮೂರರ ತನಕ. ನೀನೇ ಹೇಳಿದ್ದು."

ಸಂಜೀವಯ್ಯನವರು ಪೇಪರ್ ಕೆಳಗಿಟ್ಟರು. ನನ್ನನ್ನೂ ನೋಡಬೇಡ ಎಂದೆ. ಸರಿ ಎಂದು ಅವಳು ಎದ್ದುಹೋದಳು. ಇವತ್ತಿಗೆ ಹನ್ನೊಂದು ದಿನವಾಯಿತು, ನನ್ನ ಮಗಳು ನನ್ನ ಮುಖ ನೋಡಿಲ್ಲ. ನೋವಾಗುತ್ತದೆ, ಮಾನ್ಯರೇ. ಬೆಳಿಗ್ಗೆ ಅವಳು ಗೇಟಿನ ಕಡೆ ನೋಡುತ್ತಾ ಹೋಗಿಬರ್ತೀನಿ ಅನ್ನುತ್ತಾಳೆ. ಆದರೆ ಈ ಹನ್ನೊಂದು ದಿನದಲ್ಲಿ ಅವಳು ಆಡಿದಷ್ಟು ಮಾತು ಹನ್ನೊಂದು ವರ್ಷದಲ್ಲಿ ಆಡಿರಲಿಲ್ಲ. ಎಣಿಸುವಾಗ ಮಾತು ಮರೆತುಹೋಗುತ್ತಿತ್ತಂತೆ. ಯಲ್ಲಯ್ಯ ಬಟ್ಟೆ ಮಡಿಸುವಾಗ ಹಾಡುತ್ತಾನೆ, ಮುಚ್ಚಳದೊಳಗಿಂದ ಅದು ಚೆನ್ನಾಗಿ ಕೇಳುತ್ತದೆ ಎಂದು ಹೇಳಿದಳು. ಹೊಸ ಹಾಸಿಗೆ ಬಟ್ಟೆಗಿಂತ ಹಳೆಯದರ ವಾಸನೆ ಹಿತ ಎಂದಳು. ನಿಮ್ಮ ಕೊಠಡಿಯ ಫ್ಯಾನಿನ ಒಂದು ರೆಕ್ಕೆ ಬಾಗಿದೆಯಂತೆ, ಒಂದಲ್ಲ ಒಂದು ದಿನ ಅದು ನಿಮ್ಮ ತಲೆಯ ಮೇಲೆ ಬೀಳುತ್ತದೆ, ಅವರಿಗೆ ಹೇಳಬೇಕಿತ್ತು, ಆದರೆ ಎಣಿಸುತ್ತಿದ್ದೆ ಎಂದಳು. ತನ್ನಲ್ಲೇ ಮುಳುಗಿರುವವರು ಎಂದು ಇಂಥವರನ್ನು ನಿಮ್ಮ ಕಡತಗಳಲ್ಲಿ ಬರೆಯುತ್ತೀರಿ. ಆ ಕೊಠಡಿಯಲ್ಲಿದ್ದವರ ಪೈಕಿ ನಿಮ್ಮ ತಲೆಯ ಬಗ್ಗೆ ಯೋಚಿಸಿದವಳು ಅವಳೊಬ್ಬಳೇ. ದಯವಿಟ್ಟು ಆ ಫ್ಯಾನ್ ರಿಪೇರಿ ಮಾಡಿಸಿಕೊಳ್ಳಿ.

ನನ್ನ ಬೇಡಿಕೆ ಇಷ್ಟೇ. ಮೂವತ್ತನೇ ತಾರೀಖಿನೊಳಗೆ ಅವಳನ್ನು ಮತ್ತೆ ಕರೆಯಿರಿ. ಒಂಬತ್ತು ನಿಮಿಷ ಸಾಲದು, ಲತಾಮಣಿ ಡಾಕ್ಟರಮ್ಮನಷ್ಟು ಹೊತ್ತು ಕೂರಿ, ಅವಳನ್ನೇ ಕೇಳಿ. 'ತಾತ್ಕಾಲಿಕ' ಮೊಹರನ್ನು ಡ್ರಾಯರಿನೊಳಗೆ ಇಡಿ. ಇದು ನಿಮ್ಮಿಂದ ಆಗದು ಎನ್ನುವುದಾದರೆ, ಸುಧಾಮಣಿಗೆ ಆಟಿಸಂ ಇಲ್ಲ, ಆದ್ದರಿಂದ ಇನ್ನು ಮುಂದೆ ಸದರಿಯವರ ತಲೆಯೊಳಗೆ ತಿರುಗತಕ್ಕದ್ದಲ್ಲ ಎಂದು ಆಸ್ಪತ್ರೆಯ ಬಟ್ಟೆ ಹಿಂಡುವ ಯಂತ್ರಕ್ಕೆ ಒಂದು ಆದೇಶ ಹೊರಡಿಸಿ, ನಿಮ್ಮ ಸಹಿ ಮೊಹರು ಹಾಕಿಕೊಡಿ. ಬೇಕಾದರೆ ನಾನೇ ಟೈಪ್ ಮಾಡಿಕೊಡುತ್ತೇನೆ. ಬೈರಣ್ಣ ತೆಗೆದ ಆ ಇನ್ನೊಂದು ಫೋಟೋವನ್ನು ಇದರ ಜೊತೆ ಲಗತ್ತಿಸಿದ್ದೇನೆ. ಅದರಲ್ಲಿ ಎರಡೂ ಕಿವಿ ಕಾಣುತ್ತವೆ, ಮುಚ್ಚಳ ಮಡಿಲಲ್ಲಿದೆ, ಅವಳು ಕ್ಯಾಮೆರಾ ಬಿಟ್ಟು ಫ್ಯಾನ್ ನೋಡಿ ನಗುತ್ತಿದ್ದಾಳೆ. ನಿಮ್ಮ ಫಲಕ ಕೇಳುವುದೆಲ್ಲ ಅದರಲ್ಲಿದೆ. ಈ ಸಲ ನಿಮ್ಮ ಕೊಠಡಿಗೆ ಬಂದಾಗ ಅವಳು ನಿಮ್ಮ ಮುಖ ನೋಡುವುದಿಲ್ಲ. ಅದನ್ನು ಅಗೌರವ ಎಂದುಕೊಳ್ಳಬೇಡಿ. ನನ್ನ ಮುಖವನ್ನೂ ನೋಡುವುದಿಲ್ಲ. ಅಷ್ಟು ಕೊಟ್ಟ ಮೇಲೂ ನಿಮಗೆ ಆ ನಾಲ್ಕು ಅಂಕ ಸಿಗದಿದ್ದರೆ, ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ.

ಇಂತಿ,
ಇಪ್ಪತ್ತೇಳು ವರ್ಷ ಮೂರರ ತನಕ ಮಾತ್ರ ನೋಡಿಸಿಕೊಂಡ ತಾಯಿ,
ನಾಗಲಕ್ಷ್ಮಮ್ಮ
ನಿವೃತ್ತ ಬೆರಳಚ್ಚುಗಾರ್ತಿ, ಉತ್ತರಹಳ್ಳಿ